ಏಳು ವರ್ಷ ಟೊಮೆಟೊ ಮಂಡಿಗೆ ಸಾಫ್ಟ್‌ವೇರ್ ಮಾರಿ ಆದ್ಮೇಲೆ ತಲೇಲಿ ಓಡ್ತಿರೋ ಒಂದಷ್ಟು

ಚೀಟಿ_ಪ್ರಿಂಟರ್ (ಕೋಲಾರ)

ಎಲ್ರಿಗೂ ನಮಸ್ಕಾರ. ಇವತ್ತು ಕೆಲ್ಸ ಬೇಗ ಮುಗೀತು, ಮಳೆ ಬೇರೆ, ಮನೇಲಿ ಕೂತು ಸುಮ್ನೆ ಬರೀತಿದೀನಿ, ಒಂದಕ್ಕೊಂದು ಸಂಬಂಧ ಇಲ್ದೆ ಹೋದ್ರೆ ಬೈಕೋಬೇಡಿ. ಗೊತ್ತಿಲ್ದವ್ರಿಗೆ ಹೇಳ್ಬೇಕಂದ್ರೆ, ಕೋಲಾರ ಎಪಿಎಂಸಿಲಿ ಟೊಮೆಟೊ ಮಂಡಿಗಳಿಗೆ (ರೈತ್ರು ತಂದಿದ್ದನ್ನ ಹರಾಜು ಹಾಕಿ ಮಾರ್ಕೊಡೋ ಅಂಗಡಿಗಳು) ಲೆಕ್ಕದ ಸಾಫ್ಟ್‌ವೇರ್ ಮಾಡ್ಕೊಡೋದು ನನ್ನ ಕಸುಬು. ರೈತ ಎಷ್ಟು ಬಾಕ್ಸ್ ತಂದ, ಹರಾಜಲ್ಲಿ ಎಷ್ಟಕ್ಕೆ ಹೋಯ್ತು, ಯಾರು ತಗೊಂಡ್ರು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಮೊದ್ಲೇ ಕೊಟ್ಟಿದ್ದ ಅಡ್ವಾನ್ಸ್‌ಗೆ ಎಷ್ಟು ಮುರ್ಕೊಂಡ್ರು, ಕೈಗೆ ಎಷ್ಟು. ಇಷ್ಟೇ. ಬ್ರೌಸರ್‌ನಲ್ಲಿ ಓಡುತ್ತೆ, ಫೋನಲ್ಲೂ ಓಡುತ್ತೆ. ನಾನು, ನನ್ನ ತಮ್ಮ, ಇನ್ನೊಬ್ಬ ಹುಡುಗ, ಮೂರೇ ಜನ. 41 ಮಂಡಿ ತಿಂಗಳಿಗೆ 700 ರೂಪಾಯಿ ಕೊಡ್ತಾರೆ, ಅದ್ರಲ್ಲಿ ಆರೇಳು ಜನ ಪ್ರತಿ ತಿಂಗ್ಳೂ "ನಾಳೆ ಬಾರಪ್ಪ" ಅಂತಾರೆ.

ಬೆಂಗ್ಳೂರಿನ ಫ್ರೆಂಡ್ಸ್ ಸಿಕ್ದಾಗೆಲ್ಲ ಫಂಡಿಂಗ್ ಆಯ್ತಾ ಅಂತ ಕೇಳ್ತಾರೆ, ಥೇಟು ಮದ್ವೆ ಆಯ್ತಾ ಅಂತ ಕೇಳೋ ಥರಾನೇ. ಆಗಿಲ್ಲ. 2019ರಲ್ಲಿ ಒಂದೇ ಒಂದ್ಸಲ ಬಂಡವಾಳ ಹಾಕೋರ ಹತ್ರ ಕೇಳೋಕೆ ಹೋಗಿದ್ದೆ, ಎಸಿ ರೂಮು, ಕಾಫಿ ಚೆನ್ನಾಗಿತ್ತು, ದೇಶದಲ್ಲಿ ಒಟ್ಟು ಎಷ್ಟು ಮಂಡಿ ಇದಾವೆ ಐದು ವರ್ಷದಲ್ಲಿ ಎಷ್ಟು ಹಿಡೀತೀರ ಅಂದ್ರು, ನಾನು ಮೊದ್ಲು ನಮ್ ಸಾಲಲ್ಲಿರೋ 14 ಹಿಡೀಬೇಕು ಸಾರ್ ಅಂದೆ. ನಕ್ಕು ಕಳಿಸಿದ್ರು. ಈಗ ಯೋಚ್ನೆ ಮಾಡಿದ್ರೆ ಅವ್ರು ಕೇಳಿದ್ದೂ ತಪ್ಪಲ್ಲ, ಅವ್ರ ವ್ಯಾಪಾರ ಅದು. ಆದ್ರೆ ಸಾಫ್ಟ್‌ವೇರ್ ಕಂಪನಿ ಜೋಹೊ 1996ರಿಂದ ಹೊರಗಿನವ್ರ ಬಂಡವಾಳ ಇಲ್ದೆ ಬೆಳ್ದಿದೆ, 2010ರಲ್ಲಿ ಬೆಂಗ್ಳೂರಲ್ಲೇ ಶುರುವಾದ ಷೇರು ವ್ಯಾಪಾರದ ಝೆರೋಧಾನೂ ಹಂಗೇ. ಗಿರಾಕಿ ಕೊಡೋ ದುಡ್ಡಲ್ಲೇ ನಡ್ಸೋದು ಏನ್ ಹೊಸ ವಿದ್ಯೆ ಅಲ್ಲ, ನಮ್ ತಾತ ಕಿರಾಣಿ ಅಂಗಡಿ ನಡೆಸ್ತಿದ್ದದ್ದೂ ಹಿಂಗೇ.

ಇನ್ನೊಂದು. ಇದಕ್ಕೆ ಮುಂಚೆ ನಾನು ಬೇರೆಯವ್ರ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕ್ಕೊಡೋ ಕೆಲ್ಸ ಮಾಡ್ತಿದ್ದೆ, ಜೇಬಲ್ಲಿ ಪೆನ್‌ಡ್ರೈವ್, ಬಸ್ಸಲ್ಲಿ ಮುಳಬಾಗಿಲು ಶ್ರೀನಿವಾಸಪುರ ಅಂತ ತಿರುಗಾಟ, ಒಂದು ಸಣ್ಣ ತಪ್ಪು ಸರಿ ಮಾಡೋಕೆ ಇಪ್ಪತ್ತು ಅಂಗಡಿಗೆ ಇಪ್ಪತ್ತು ಸಲ ಹೋಗ್ಬೇಕು. 1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ ಮತ್ತೆ ಅವ್ರ ಸ್ನೇಹಿತ್ರು ವಯಾವೆಬ್ ಅಂತ ಮಾಡಿದ್ರಲ್ಲ, ಅಂಗಡಿಯವ್ರು ಬ್ರೌಸರ್‌ನಲ್ಲೇ ಕೂತು ಆನ್‌ಲೈನ್ ಅಂಗಡಿ ಕಟ್ಕೊಳ್ಳೋದು, ಸಾಫ್ಟ್‌ವೇರ್ ಪೂರ್ತಿ ಸರ್ವರ್‌ನಲ್ಲಿ, 1998ರಲ್ಲಿ ಯಾಹೂ ತಗೊಳ್ತು. ಅದ್ರ ಸುಖ ಏನು ಅಂತ ನನಗೆ ಅರ್ಥ ಆಗಿದ್ದು 2018ರಲ್ಲಿ, ಮಂಡಿ ಯಜಮಾನ್ರು ಫೋನಲ್ಲಿ ಬೈತಾ ಇರ್ಬೇಕಾದ್ರೇನೇ ಇಲ್ಲಿ ಕೂತು ಸರಿ ಮಾಡಿ "ಅಣ್ಣ ಒಂದ್ಸಲ ರಿಫ್ರೆಶ್ ಮಾಡಿ" ಅಂದಾಗ.

ಕೊನೇದು, ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು. ನನಗೆ ಗಿರಾಕಿ ಸಿಕ್ಕಿದ್ದು ಜಾಹೀರಾತಿಂದ ಅಲ್ಲ, ಬರೆದಿದ್ರಿಂದ. ಹದಿನೈದು ದಿನಕ್ಕೊಂದ್ಸಲ ನನ್ನ ಸೈಟಲ್ಲಿ ಕನ್ನಡದಲ್ಲಿ ಬರೀತೀನಿ, ಈ ವಾರ ಏನ್ ಮಾಡಿದ್ವಿ, ಏನ್ ಕೆಡ್ತು, ಯಾಕ್ ಕೆಡ್ತು. ಓದೋರು ತಿಂಗಳಿಗೆ ಮುನ್ನೂರು ಜನ ಇರ್ಬಹುದು. ಆದ್ರೆ ಆ ಮುನ್ನೂರರಲ್ಲಿ ಮಂಡಿ ಇರೋರು, ಮಂಡಿಯವ್ರ ಮಕ್ಳು, ಅಳಿಯಂದ್ರು ಇರ್ತಾರೆ. ನಿಮ್ ಅಭಿಪ್ರಾಯ ಹೇಳಿ.

ಬಂಗಾರಪೇಟೆ_ಬಿಳಿಪಾನಿ

ಚೆನ್ನಾಗಿ ಬರ್ದಿದೀರ ಗುರು. ಆದ್ರೆ ಜೋಹೊ ಝೆರೋಧಾ ಹೆಸ್ರು ಹೇಳೋದು ಬಿಟ್ಬಿಡಿ ಪ್ಲೀಸ್, ಗಲ್ಲಿ ಕ್ರಿಕೆಟ್ ಆಡೋರೆಲ್ಲ ದ್ರಾವಿಡ್ ಹೆಸ್ರು ಹೇಳ್ದಂಗೆ ಆಗುತ್ತೆ. ಗಿರಾಕಿ ದುಡ್ಡಲ್ಲಿ ನಡೆಸೋಕೆ ಹೋಗಿ ಮುಚ್ಕೊಂಡೋರ ಹೆಸ್ರು ಯಾರ್ ಬರೀತಾರೆ? ನಾನೇ ಒಬ್ಬ. ಕೇಬಲ್ ಟಿವಿಯವ್ರಿಗೆ ಕಲೆಕ್ಷನ್ ಆ್ಯಪ್ ಮಾಡಿದ್ದೆ, ಎರಡೂವರೆ ವರ್ಷ, 19 ಗಿರಾಕಿ, ಆಮೇಲೆ ಜನ ಕೇಬಲ್ಲೇ ಬಿಟ್ಟು ಫೋನ್ ನೋಡೋಕೆ ಕೂತ್ರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತಲ್ಲ, ನನ್ನ ಆ್ಯಪ್ ಓಡಿದ್ದೂ ಅದೇ ಅಗ್ಗದ ಡೇಟಾದಿಂದ, ಸತ್ತಿದ್ದೂ ಅದ್ರಿಂದಾನೇ. ಈಗ ನರಸಾಪುರದಲ್ಲಿ ಕೆಲ್ಸ, ಶಿಫ್ಟು, ತಿಂಗಳಾದ್ರೆ ಸಂಬಳ. ನಿದ್ದೆ ಬರುತ್ತೆ.

ಚೀಟಿ_ಪ್ರಿಂಟರ್

ಒಪ್ದೆ ಅಣ್ಣ. ನಂದು ಉಳ್ದಿರೋದ್ರಲ್ಲಿ ಅರ್ಧ ಟೊಮೆಟೊ ದೆಸೆ. ಜನ ಟೊಮೆಟೊ ತಿನ್ನೋದು ಬಿಡಲ್ವಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಸರ್ ನಾನು ತುಮಕೂರಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ತಪ್ಪು ತಿಳ್ಕೋಬೇಡಿ, ಈಗ ಎಐಗೆ ಹೇಳಿದ್ರೆ ಒಂದು ಸಂಜೇಲಿ ಬಿಲ್ಲಿಂಗ್ ಆ್ಯಪ್ ಬರ್ಕೊಡುತ್ತೆ, ನಾನು ನಮ್ಮ ಮಾವನ ಗೊಬ್ಬರದ ಅಂಗಡಿಗೆ ಹಂಗೇ ಒಂದು ಮಾಡ್ಕೊಟ್ಟೆ, ಓಡ್ತಿದೆ. ಹಂಗಿದ್ಮೇಲೆ ತಿಂಗಳಿಗೆ 700 ಯಾಕ್ ಕೊಡ್ತಾರೆ ಜನ?

ಚೀಟಿ_ಪ್ರಿಂಟರ್

ಒಳ್ಳೆ ಪ್ರಶ್ನೆ ಕಣಪ್ಪ, ನಾನೂ ಅದೇ ಟೂಲ್ ದಿನಾ ಬಳಸ್ತೀನಿ, ಕೋಡ್ ಬರೆಯೋದು ಈಗ ನಿಜವಾಗ್ಲೂ ಸಲೀಸು. ಆದ್ರೆ ಕೇಳು. ನಮ್ ಒಂದು ಮಂಡಿ ಲೆಕ್ಕದಲ್ಲಿ ಮುನಿಯಪ್ಪ ಅನ್ನೋ ಹೆಸ್ರಿನ ರೈತ್ರು 23 ಜನ ಇದಾರೆ. ವೆಂಕಟರಾಮಪ್ಪ, ವೆಂಕಟರಮಣಪ್ಪ, ವೆಂಕಟ್ರಾಮಪ್ಪ, ಇವ್ರಲ್ಲಿ ಯಾರು ಒಬ್ರೇ, ಯಾರು ಬೇರೆ ಬೇರೆ ಅಂತ ಗುಮಾಸ್ತನಿಗೆ ಮಾತ್ರ ಗೊತ್ತು. ಅವ್ನು ಹುಡುಕೋದು ಹೆಸ್ರಿಂದ ಅಲ್ಲ, "ಬೋರ್‌ವೆಲ್ ಮುನಿಯಪ್ಪ", "ಟ್ರ್ಯಾಕ್ಟರ್ ಮುನಿಯಪ್ಪ", "ಅಳಿಯನ್ನ ಕರ್ಕೊಂಡ್ ಬರ್ತಾನಲ್ಲ ಆ ಮುನಿಯಪ್ಪ" ಅಂತ. ಹಂಗಾಗಿ ನಮ್ ಸಾಫ್ಟ್‌ವೇರ್‌ನಲ್ಲಿ ಅಡ್ಡಹೆಸ್ರು ಅಂತಾನೇ ಒಂದು ಜಾಗ ಇದೆ, ಅದು ಚೀಟೀಲಿ ಪ್ರಿಂಟ್ ಆಗಲ್ಲ (ಆದ್ರೆ ಹೊಡೆದಾಟಾನೇ).

ಆಮೇಲೆ ಖಾಲಿ ಬಾಕ್ಸ್. ಟೊಮೆಟೊ ಲೆಕ್ಕ ಸಂಜೆಗೆ ಮುಗಿಯುತ್ತೆ, ಬಾಕ್ಸ್ ಲೆಕ್ಕ ಮುಗಿಯಲ್ಲ. ಮಂಡಿ ಬಾಕ್ಸ್ ರೈತನ ತೋಟಕ್ಕೆ ಹೋಗುತ್ತೆ, ತುಂಬ್ಕೊಂಡು ಬರುತ್ತೆ, ಲಾರಿ ಹತ್ತಿ ಹೊರ ರಾಜ್ಯಕ್ಕೆ ಹೋಗುತ್ತೆ, ವಾಪಸ್ ಬರೋದು ಹತ್ತು ದಿನಕ್ಕೋ ತಿಂಗಳಿಗೋ, ಅದೂ ಬೇರೆ ಮಂಡಿ ಬಣ್ಣದ್ದು ಸೇರ್ಕೊಂಡು. ಯಾರ ಹತ್ರ ಎಷ್ಟು ನಿಂತಿದೆ ಅನ್ನೋದು ಗೊತ್ತಿಲ್ದೆ ಸೀಸನ್ನಿನಲ್ಲಿ ಮತ್ತೆ ಹೊಸ ಬಾಕ್ಸ್ ಕೊಳ್ತಾರೆ. ನನಗೆ ಇದು ಗೊತ್ತಾಗಿದ್ದು ಯಾವ ಟೂಲಿಂದಾನೂ ಅಲ್ಲ, ಮೊದಲ ವರ್ಷ ಬೆಳಗ್ಗೆ ಹೋಗಿ ಗುಮಾಸ್ತನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿದ್ರಿಂದ. ನಿಮ್ ಮಾವನ ಅಂಗಡಿ ನಿನಗೆ ಗೊತ್ತಿತ್ತು, ಅದಕ್ಕೇ ನಿನ್ನ ಆ್ಯಪ್ ಓಡ್ತಿದೆ.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಅಡ್ಡಹೆಸ್ರಿನ ಜಾಗ 😂😂 ಮಾವನಿಗೆ ಹೇಳಿದೆ, ನಂಗೂ ಬೇಕು ಅದು ಅಂತಿದಾರೆ

ಹಳೇ_ಬ್ಲಾಗಿ (ತುಮಕೂರು)

ಬರೆಯೋ ವಿಷ್ಯ ಬಂತಲ್ಲ, ಒಂದೆರಡು ಮಾತು. ನಾನು ಬರೆಯೋಕೆ ಶುರು ಮಾಡಿದ್ದು 2007ರಲ್ಲಿ. ಆಗ ಕನ್ನಡದಲ್ಲಿ ಟೈಪ್ ಮಾಡೋದೇ ಒಂದು ಸಾಹಸ ಕಣ್ರಿ. ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್ ಆಫೀಸಲ್ಲಿ 'ನುಡಿ', ಮನೇಲಿ 'ಬರಹ', ನುಡಿಲಿ ಹೊಡ್ದಿದ್ದನ್ನ ಹಂಗೇ ತಂದು ವೆಬ್‌ಗೆ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರದ ಮೇಲೆಲ್ಲ ಕೊಂಬು ಮೀಸೆ ಬಂದು ಕೂತಿರೋದು, ಯಾಕಂದ್ರೆ ಆ ಫಾಂಟುಗಳು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಥರದ ಅಕ್ಷರ ಸಂಕೇತ) ಆಗಿರ್ಲಿಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರ್ಸಿದ್ದು ಅಷ್ಟೇ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಾನೇ ಇತ್ತು, ನಮ್ ಕಂಪ್ಯೂಟರಿಗೆ ಅದು ಸರಿಯಾಗಿ ಮೂಡೋ ಹೊತ್ತಿಗೆ ಹದಿನೈದು ವರ್ಷ ಆಗಿತ್ತು. 2005ರಲ್ಲಿ ಸಂಪದ ಅನ್ನೋ ಕನ್ನಡ ವೆಬ್‌ಸೈಟ್ ಶುರುವಾದ್ಮೇಲೆ ಅಲ್ಲಿ ಬರೆಯೋರು, ಪ್ರತಿಕ್ರಿಯೆ ಹಾಕೋರು, ಜಗಳ ಆಡೋರು ಎಲ್ಲಾ ಒಂದು ಬಳಗ ಆಗಿದ್ವಿ. ಬೆಳಗ್ಗೆ ಎದ್ದು ಗೂಗಲ್ ರೀಡರ್ ತೆಗ್ದ್ರೆ ಯಾರ್ ಯಾರು ಹೊಸದಾಗಿ ಬರ್ದಿದಾರೆ ಅಂತ ಒಂದೇ ಕಡೆ ಕಾಣೋದು. 2013ರ ಜುಲೈ 1ಕ್ಕೆ ಅದನ್ನ ಮುಚ್ಚಿದ್ರು. ಆಮೇಲೆ ಜನ ಫೇಸ್‌ಬುಕ್ಕಿಗೆ ಹೋದ್ರು, ಅಲ್ಲಿ ಬರ್ದಿದ್ದು ಮೂರು ದಿನ ಆದ್ರೆ ಹುಡುಕಿದ್ರೂ ಸಿಗಲ್ಲ. ನನ್ನ 2009ರ ಒಂದು ಬರಹ, ತುಮಕೂರಿಂದ ಬೆಂಗ್ಳೂರಿಗೆ ದಿನಾ ರೈಲಲ್ಲಿ ಓಡಾಡೋರ ಬಗ್ಗೆ, ಈಗ್ಲೂ ವರ್ಷಕ್ಕೆ ಒಬ್ರೋ ಇಬ್ರೋ ಓದಿ ಮೇಲ್ ಹಾಕ್ತಾರೆ. ಫೇಸ್‌ಬುಕ್ಕಲ್ಲಿ ಹಾಕಿದ 900 ಪೋಸ್ಟ್‌ಗೆ ಅಂಥ ಒಂದು ಮೇಲೂ ಬಂದಿಲ್ಲ.

ನಂದಿಬೆಟ್ಟ_ಮಂಜು (ಚಿಕ್ಕಬಳ್ಳಾಪುರ)

ಹಳೇ ಕಾಲದ ನೆನಪು ಚೆಂದ ಸರ್, ಆದ್ರೆ ನಿಜ ಹೇಳಿ, ಈಗ ಯಾರು ಓದ್ತಾರೆ? ನಮ್ದು ಹೂವಿನ ವ್ಯಾಪಾರ, ಸೇವಂತಿಗೆ ಗುಲಾಬಿ. ಬೆಳಗ್ಗೆ ರೇಟು ವಾಟ್ಸಾಪ್ ಸ್ಟೇಟಸ್ಸಲ್ಲಿ ಹಾಕ್ತೀವಿ, ಒಂದು ನಿಮಿಷದ ವಿಡಿಯೋ ಹಾಕ್ತೀವಿ, ಫೋನ್ ಬರುತ್ತೆ. ಅಕ್ಷರ ಓದೋ ಪುರುಸೊತ್ತು ಯಾರಿಗಿದೆ. ಓಪಿ (ಈ ಚರ್ಚೆ ಶುರು ಮಾಡಿದೋರು) ಅವ್ರು ಅದೇ ಟೈಮಲ್ಲಿ ಹತ್ತು ವಿಡಿಯೋ ಮಾಡಿದ್ರೆ 41 ಅಲ್ಲ 141 ಮಂಡಿ ಆಗ್ತಿತ್ತು ಅನ್ನೋದು ನನ್ನ ಅನಿಸಿಕೆ.

ಚೀಟಿ_ಪ್ರಿಂಟರ್

ವಿಡಿಯೋನೂ ಮಾಡಿದೀನಿ ಅಕ್ಕ/ಅಣ್ಣ, ಗೊತ್ತಾಗ್ಲಿಲ್ಲ. ಇವತ್ತಿನ ರೇಟಿಗೆ ಸ್ಟೇಟಸ್ಸೇ ಸರಿ, ನಾಳೆ ಅದು ಬೇಕಾಗಲ್ಲ. ನಾನು ಬರೆಯೋದು ಬೇರೆ ಜಾತಿದು. ಒಂದು ಉದಾಹರಣೆ ಹೇಳ್ತೀನಿ, ಉದ್ದ ಆಗುತ್ತೆ.

ಮಂಡಿಲಿ ರೈತನಿಗೆ ಕೊಡೋ ಚೀಟಿ ಕನ್ನಡದಲ್ಲಿ ಬರ್ಬೇಕು ಅಂತ ಹಠ ಹಿಡ್ದೆ. ಅಂಗೈಯಗಲದ ಥರ್ಮಲ್ ಪ್ರಿಂಟರ್ ಇರುತ್ತಲ್ಲ, ಬಸ್ ಕಂಡಕ್ಟರ್ ಮೆಷಿನ್ ಥರದ ಪೇಪರ್, 58 ಮಿಲಿಮೀಟರ್ ಅಗಲ. ಅದ್ರೊಳಗೆ ಇಂಗ್ಲಿಷ್ ಅಕ್ಷರ ಇರುತ್ತೆ, ಕನ್ನಡ ಇರಲ್ಲ. ಕನ್ನಡ ಕಳ್ಸಿದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ಬರುತ್ತೆ, ರೈತ ನೋಡಿ "ಏನಪ್ಪ ಎಲ್ಲಾ ನನ್ನೇ ಕೇಳ್ತಿದೆ" ಅಂದಿದ್ರು ಒಬ್ರು. ಕೊನೆಗೆ ದಾರಿ ಏನಂದ್ರೆ, ಚೀಟೀನ ಅಕ್ಷರವಾಗಿ ಕಳ್ಸಬಾರ್ದು, ಫೋಟೋ ಥರ ಕಳ್ಸಬೇಕು. ಆ ಪ್ರಿಂಟರ್ ಒಂದು ಗೆರೇಲಿ 384 ಚುಕ್ಕಿ ಇಡುತ್ತೆ, ಮಿಲಿಮೀಟರಿಗೆ 8. ಫೋನಲ್ಲೇ ಚೀಟಿ ಚಿತ್ರ ಬರ್ಸಿ, 384 ಚುಕ್ಕಿ ಅಗಲಕ್ಕೆ ಕೂರ್ಸಿ, ಕಪ್ಪು ಬಿಳುಪು ಮಾಡಿ ಗೆರೆ ಗೆರೆಯಾಗಿ ಕಳಿಸ್ತೀವಿ. ಮೊದ್ಲು ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗೋದು, "ಕೃಷ್ಣಪ್ಪ" ಅಂತ ಬಂದ್ರೆ ಷ ಕೆಳಗಿನ ಒತ್ತು ಹಮಾಲಿ ದುಡ್ಡಿನ ಮೇಲೆ ಕೂತಿರೋದು. ಸಾಲಿನ ನಡುವೆ ಜಾಗ ಬಿಟ್ವಿ, ಪೇಪರ್ ಜಾಸ್ತಿ ಹೋಗುತ್ತೆ ಅಂತ ಮಂಡಿಯವ್ರು ತಕರಾರು ತೆಗೆದ್ರು, ಅಕ್ಷರ ಚಿಕ್ಕದ್ ಮಾಡಿದ್ರೆ ವಯಸ್ಸಾದವ್ರಿಗೆ ಕಾಣಲ್ಲ. ಎರಡು ತಿಂಗ್ಳು ಇದ್ರಲ್ಲೇ ಹೋಯ್ತು.

ಇದನ್ನೆಲ್ಲ ಚಿತ್ರ ಸಮೇತ ಬರ್ದು ಹಾಕ್ದೆ. ಯಾರು ಓದಿದ್ರು ಅಂತೀರ? ರೈಸ್‌ಮಿಲ್ಲಿನವ್ರು, ಹಾಲಿನ ಡೈರಿಗೆ ಮೆಷಿನ್ ಹಾಕೋರು, ದೇವಸ್ಥಾನದ ಸೇವಾ ರಸೀದಿ ಮಾಡೋ ಹುಡುಗ. ಅದಾಗಿ ಮೂರು ವರ್ಷ ಆಯ್ತು, ಇವತ್ತಿಗೂ ಕನ್ನಡ ಪ್ರಿಂಟ್ ಬರ್ತಿಲ್ಲ ಅಂತ ಹುಡುಕಿದೋರು ಅಲ್ಲಿಗೇ ಬರ್ತಾರೆ. ಸ್ಟೇಟಸ್ಸು 24 ಗಂಟೆಗೆ ಮಾಯ.

ಶಿಡ್ಲಘಟ್ಟ_ಗೂಡು

ಒತ್ತಕ್ಷರದ ಗೋಳು ಎಸ್ಸೆಮ್ಮೆಸ್ಸಲ್ಲೂ ಇದೆ. ನಾವು ರೇಷ್ಮೆ ಗೂಡಿಂದ ನೂಲು ತೆಗೆಯೋ ರೀಲರ್‌ಗಳ ಒಂದು ಗುಂಪಿಗೆ ಮೆಸೇಜ್ ವ್ಯವಸ್ಥೆ ಮಾಡೋಕ್ ಹೋಗಿದ್ವಿ. ಇಂಗ್ಲಿಷ್ ಆದ್ರೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡ ಆದ್ರೆ 70. ದಾಟಿದ್ರೆ ಎರಡು ಮೆಸೇಜಿನ ದುಡ್ಡು. ಅದ್ರಲ್ಲೂ 70 ಅಂದ್ರೆ ನಾವು ಓದೋ 70 ಅಕ್ಷರ ಅಲ್ಲ. "ಲಕ್ಷ್ಮಮ್ಮ" ನಮಗೆ ಮೂರು ಅಕ್ಷರ, ಫೋನಿಗೆ ಒಂಬತ್ತು, ಒತ್ತು ಬೇರೆ, ಮೂಲಾಕ್ಷರ ಬೇರೆ, ನಡುವಿನ ಹಲಂತ (ಅರ್ಧಾಕ್ಷರದ ಗುರುತು) ಬೇರೆ ಅಂತ ಎಣಿಸುತ್ತೆ. ಹೆಸ್ರು, ಲಾಟ್ ನಂಬರ್, ಕೆಜಿ, ರೇಟು ಹಾಕೋ ಹೊತ್ತಿಗೆ 70 ಮುಗ್ದಿರುತ್ತೆ. ಕನ್ನಡದಲ್ಲಿ ಬರೆದೋನಿಗೆ ದುಪ್ಪಟ್ಟು ಖರ್ಚು. ಕೊನೆಗೆ ಹೆಸ್ರು ತೆಗ್ದು ನಂಬರ್ ಮಾತ್ರ ಇಟ್ವಿ. ಇಷ್ಟು ಸಾಲ್ದು ಅಂತ 2021ರಿಂದ ಪ್ರತಿ ಮೆಸೇಜಿನ ಒಕ್ಕಣೆ ಮೊದ್ಲೇ ನೋಂದಾಯಿಸ್ಬೇಕು ಅನ್ನೋ ನಿಯಮ ಬಿಗಿ ಆಯ್ತು, ಒಂದು ಕಾಮಾ ಹೆಚ್ಚು ಕಡಿಮೆ ಆದ್ರೆ ಮೆಸೇಜ್ ಹೋಗಲ್ಲ.

ಚೀಟಿ_ಪ್ರಿಂಟರ್

ಲಕ್ಷ್ಮಮ್ಮನ ಲೆಕ್ಕ ಸೂಪರ್, ನಾನು ಎಲ್ಲಾದ್ರೂ ಬಳಸ್ಕೊಳ್ತೀನಿ.

ಮಂಡಿ_ಮಗ

ಅಣ್ಣ ನಮ್ದೂ ಮಂಡಿ ಇದೆ, ಯಾವ್ದು ಅಂತ ಹೇಳಲ್ಲ. ನನಗೆ ಆಸೆ ಇದೆ, ಅಪ್ಪ ಒಪ್ತಿಲ್ಲ. ಕೆಂಪು ಬಟ್ಟೆ ರಟ್ಟಿನ ಉದ್ದ ಪುಸ್ತಕ, ಅದಕ್ಕೆ ಆಯುಧಪೂಜೆ ದಿನ ಕುಂಕುಮ ಇಟ್ಟು ಶುರು ಮಾಡ್ತಾರೆ, ಅದನ್ನ ಬಿಟ್ರೆ ಮಂಡಿ ಲಕ್ಷ್ಮಿ ಹೋಗ್ತಾಳೆ ಅಂತಾರೆ. ನೆಟ್ ಹೋದ್ರೆ ಏನ್ ಮಾಡ್ತೀಯ ಕರೆಂಟ್ ಹೋದ್ರೆ ಏನ್ ಮಾಡ್ತೀಯ ಅಂತ ಬೇರೆ. ಅವ್ರ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ.

ಚೀಟಿ_ಪ್ರಿಂಟರ್

ಅಪ್ಪ ಕೇಳೋದು ಸರಿಯಾಗೇ ಇದೆ. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳ್ದು ಕೆಜಿಎಫ್ ಗಣಿಗೆ ಕರೆಂಟ್ ಕೊಟ್ಟ ಜಿಲ್ಲೆ ನಮ್ದು, ಆದ್ರೂ ಹರಾಜು ಜೋರಾಗಿ ನಡೀತಿರೋವಾಗ್ಲೇ ಫ್ಯಾನು ನಿಲ್ಲುತ್ತೆ. ನಮ್ದು ನೆಟ್ ಇಲ್ದಾಗ ಫೋನಲ್ಲೇ ಬರ್ಕೊಳ್ಳುತ್ತೆ, ಚೀಟಿ ಬ್ಲೂಟೂತ್‌ನಲ್ಲಿ ಹೋಗುತ್ತೆ, ನೆಟ್ ಬಂದ್ಮೇಲೆ ಸರ್ವರಿಗೆ ಸೇರುತ್ತೆ. ಇದನ್ನ ಮಾಡೋಕೆ ಎರಡನೇ ವರ್ಷ ಪೂರ್ತಿ ಹಿಡೀತು. ಇಬ್ರು ಗುಮಾಸ್ತರು ನೆಟ್ ಇಲ್ದಾಗ ಒಂದೇ ರೈತನ ಲೆಕ್ಕ ಬೇರೆ ಬೇರೆ ಫೋನಲ್ಲಿ ತಿದ್ದಿದ್ರೆ ಯಾವ್ದು ನಿಜ ಅಂತ ತೀರ್ಮಾನ ಮಾಡೋದಿದ್ಯಲ್ಲ, ಅದಕ್ಕಿಂತ ಪಂಚಾಯ್ತಿ ಕಟ್ಟೆ ಜಗಳ ಬಿಡ್ಸೋದು ವಾಸಿ. ನಾವು ಎರಡನ್ನೂ ಇಟ್ಕೊಂಡು, ಸಂಜೆ ಯಜಮಾನ್ರಿಗೆ ತೋರ್ಸಿ ನೀವೇ ಹೇಳಿ ಅಂತೀವಿ. ಮತ್ತೆ ಪುಸ್ತಕ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ, ಎರಡೂ ನಡೀಲಿ.

ರೈತ_ವೇಮಗಲ್_ಕಡೆ

ಎಲ್ಲಾ ಓದ್ದೆ. ನಾನು ಟೊಮೆಟೊ ಬೆಳೆಯೋನು. ನಿಮ್ ಸಾಫ್ಟ್‌ವೇರ್ ಯಾರ ಪರ ಸ್ವಾಮಿ? ದುಡ್ಡು ಕೊಡೋದು ಮಂಡಿ, ಚೀಟಿ ಓದೋದು ನಾವು. ಬಿಳಿ ಚೀಟಿ (ಸರಿಯಾದ ಬಿಲ್ಲಲ್ಲದ ಬರೀ ಕಾಗದ) ಕೊಟ್ಟು ಕೈ ತೊಳ್ಕೊಳ್ತಾರೆ ಅಂತ ಎಷ್ಟು ವರ್ಷದಿಂದ ಕೂಗ್ತಿದೀವಿ. ಈಗ ಅದೇ ಬಿಳಿ ಚೀಟಿ ಕಂಪ್ಯೂಟರಲ್ಲಿ ಬರುತ್ತೆ ಅಷ್ಟೇ ತಾನೆ?

ಬಂಗಾರಪೇಟೆ_ಬಿಳಿಪಾನಿ

ಈಗ ಬಂತು ನೋಡಿ ಪ್ರಶ್ನೆ

ಚೀಟಿ_ಪ್ರಿಂಟರ್

ನೀವು ಕೇಳಿದ್ದಕ್ಕೆ ಸುತ್ತಿ ಬಳಸಿ ಹೇಳಲ್ಲ. ಮೊದಲ ವರ್ಷ ಒಬ್ಬ ಯಜಮಾನ್ರು, ಕಡಿತ ಎಲ್ಲ ಬಿಡಿ ಬಿಡಿಯಾಗಿ ಬೇಡ, ಸೇರ್ಸಿ ಒಂದೇ ಸಾಲಲ್ಲಿ "ಖರ್ಚು" ಅಂತ ತೋರ್ಸು ಅಂದ್ರು. ಮಾಡ್ಕೊಟ್ಟೆ. ನನಗೆ ಆಗ ನಾಲ್ಕೇ ಗಿರಾಕಿ, ಅವ್ರನ್ನ ಕಳ್ಕೊಳ್ಳೋ ಧೈರ್ಯ ಇರ್ಲಿಲ್ಲ. ನಮ್ಮಪ್ಪಾನೂ ಟೊಮೆಟೊ ಬೆಳ್ದೋರೇ, ಆ ಚೀಟಿ ನೋಡಿ ಅವ್ರು ಏನೂ ಹೇಳ್ಲಿಲ್ಲ, ಮಡಚಿ ಜೇಬಲ್ಲಿಟ್ಕೊಂಡ್ರು. 2020ರಲ್ಲಿ ಆ ಆಯ್ಕೆ ತೆಗೆದ್ಹಾಕಿದ್ವಿ, ಹಮಾಲಿ, ಬಾಡಿಗೆ, ಅಡ್ವಾನ್ಸು, ಕಮಿಷನ್ನು, ತಗೊಂಡಿದ್ದು ಏನೇ ಇದ್ರೂ ಒಂದೊಂದೂ ಒಂದೊಂದು ಸಾಲು. ಮೂರು ಮಂಡಿ ಬಿಟ್ಟೋಯ್ತು. ಹಂಗಂತ ರೈತ್ರ ಪರ ಅಂತ ಎದೆ ತಟ್ಕೊಳ್ಳಲ್ಲ, ಸಾಫ್ಟ್‌ವೇರಿಗೆ ಹಾಕಿದ್ದು ಮಾತ್ರ ಚೀಟೀಲಿ ಬರುತ್ತೆ, ಹಾಕ್ದೆ ಇದ್ದಿದ್ದು ಬರಲ್ಲ. ಅದು ನನ್ನ ಕೈಲಿಲ್ಲ.

ರೈತ_ವೇಮಗಲ್_ಕಡೆ

ಸರಿ. ಅಷ್ಟಾದ್ರೂ ಒಪ್ಕೊಂಡ್ರಲ್ಲ.

ತಿಪಟೂರು_ಕೊಬ್ಬರಿ

ನಮ್ ಕಡೆ ಕೊಬ್ಬರಿಗೆ ಆನ್‌ಲೈನ್ ಟೆಂಡರ್ ಬಂದು ಎಷ್ಟೋ ವರ್ಷ ಆಯ್ತು, ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಗಿದ್ದು 2014ರಲ್ಲಿ, ಕೇಂದ್ರದ ಇ-ನಾಮ್ (ದೇಶದ ಆನ್‌ಲೈನ್ ಕೃಷಿ ಮಾರುಕಟ್ಟೆ) 2016ರಲ್ಲಿ. ಕೊಬ್ಬರಿಗೆ ಅದು ಹೊಂದಿಕೊಳ್ತು, ಯಾಕಂದ್ರೆ ಕೊಬ್ಬರಿ ಕಾಯುತ್ತೆ, ಮೂಟೇಲಿ ಇಟ್ಟು ಟೆಂಡರ್ ದಿನ ನೋಡ್ಕೊಂಡು ತರ್ತೀವಿ. ಟೊಮೆಟೊ ಕಾಯಲ್ಲ. ಬೆಳಗ್ಗೆ ಬಂದಿದ್ದು ಸಂಜೆಗೆ ಲಾರಿ ಹತ್ಬೇಕು. ಒಂದೇ ಸಾಫ್ಟ್‌ವೇರ್ ಎಲ್ಲಾದಕ್ಕೂ ಅನ್ನೋರು ಇದನ್ನ ನೋಡ್ಬೇಕು. ಅದಕ್ಕೇ ಓಪಿ ಅವ್ರ ಥರ ಒಂದು ಬೆಳೆ ಒಂದು ಮಾರ್ಕೆಟ್ ಹಿಡಿಯೋದೇ ಸರಿ ಅನ್ಸುತ್ತೆ ನನಗೆ.

ನಂದಿಬೆಟ್ಟ_ಮಂಜು

ಅಕ್ಕಾನೇ 😄 ಪ್ರಿಂಟರ್ ಕಥೆ ಒಪ್ದೆ. ಆದ್ರೆ "ಏನ್ ಕೆಡ್ತು ಅಂತಾನೂ ಬರೀತೀನಿ" ಅಂದ್ರಲ್ಲ, ಅದು ಮಾತ್ರ ಹುಚ್ಚುತನ. ನಮ್ ಹೂವಲ್ಲಿ ಹುಳ ಇತ್ತು ಅಂತ ನಾವೇ ಊರಿಗೆಲ್ಲ ಸಾರ್ತೀವಾ?

ಚೀಟಿ_ಪ್ರಿಂಟರ್

ಅಕ್ಕ, ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಆಗಿದ್ದು ಹೇಳ್ತೀನಿ.

2023ರ ಜುಲೈ ನೆನಪಿದ್ಯಲ್ಲ, ಟೊಮೆಟೊ ಬಂಗಾರ ಆಗಿದ್ದು, ನಮ್ಮಲ್ಲಿ 15 ಕೆಜಿ ಬಾಕ್ಸು 2000 ದಾಟ್ತು. ಆ ಚಿಕ್ಕ ಚೀಟಿ ವಿನ್ಯಾಸ ಮಾಡ್ಬೇಕಾದ್ರೆ ನಾನು ರೇಟಿಗೆ ಮೂರು ಅಂಕಿ ಜಾಗ ಸಾಕು ಅಂದ್ಕೊಂಡಿದ್ದೆ. 384 ಚುಕ್ಕಿಲಿ ಎಲ್ಲಾ ಹಿಡಿಸ್ಬೇಕಲ್ಲ, ಒಂದೊಂದು ಚುಕ್ಕಿಗೂ ಜಿಪುಣತನ. ರೇಟು ನಾಲ್ಕು ಅಂಕಿ ಆದ ದಿನ ಮೊದಲ ಅಂಕಿ ಪಕ್ಕದ ಕಾಲಂ ಅಡಿಗೆ ಹೋಗಿ ಮುಚ್ಚೋಯ್ತು. 2150 ಅಂತ ಬರ್ಬೇಕಾದ್ದು 150. ಕೆಳಗೆ ಒಟ್ಟು ಮೊತ್ತ ಸರಿಯಾಗೇ ಇತ್ತು. ಆದ್ರೆ ಒಬ್ಬ ಅಜ್ಜಿ, 32 ಬಾಕ್ಸ್ ತಂದಿದ್ರು, ಮೊಮ್ಮಗನ ಕೈಲಿ ಚೀಟಿ ಓದ್ಸಿದ್ರು, ಅವ್ನು ಮೇಲಿಂದ ಓದ್ತಾ ನೂರೈವತ್ತು ಅಂದ. ಅಷ್ಟೇ. ಅಜ್ಜಿ ತೆಲುಗಲ್ಲಿ ಶುರು ಹಚ್ಕೊಂಡ್ರು, ಕನ್ನಡದಲ್ಲಿ ಮುಂದುವರ್ಸಿದ್ರು, ಸುತ್ತ ಐವತ್ತು ಜನ ಸೇರಿದ್ರು. ಯಜಮಾನ್ರು ನೋಟಿನ ಕಂತೆ ಎತ್ತಿ ತೋರ್ಸಿ ಎಣ್ಸಿ ಕೊಡೋವರ್ಗೂ ಯಾರೂ ಕದಲ್ಲಿಲ್ಲ. ನನಗೆ ಫೋನ್ ಬಂದಾಗ ಹಿಂದೆ ಆ ಅಜ್ಜಿ ದನಿ ಕೇಳ್ತಿತ್ತು. ಹನ್ನೊಂದು ನಿಮಿಷಕ್ಕೆ ಸರಿ ಮಾಡ್ದೆ, ಎಲ್ಲಾ ಮಂಡಿಗೂ ಒಟ್ಟಿಗೇ ಸರಿಯಾಯ್ತು, ಅದೇ ಪೆನ್‌ಡ್ರೈವ್ ಕಾಲ ಆಗಿದ್ರೆ ಮುಗ್ದಿತ್ತು ನನ್ ಕಥೆ.

ರಾತ್ರಿ ಕೂತು ಇದನ್ನೆಲ್ಲ ಬರ್ದು ಹಾಕ್ದೆ, ಹೆಸ್ರು ನಂಬರ್ ಮುಚ್ಚಿ ಚೀಟಿ ಫೋಟೋ ಸಮೇತ, ತಪ್ಪು ನಂದೇ ಅಂತ. ಅದನ್ನ ಓದಿ ಎರಡು ಹೊಸ ಮಂಡಿಯವ್ರು ಬಂದ್ರು, ತಪ್ಪು ಮುಚ್ಚಿಡಲ್ಲ ಇವ್ನು ಅಂತ. ಆದ್ರೆ ಆ ಯಜಮಾನ್ರಿಗೆ ಸಿಟ್ಟು ಬಂತು. ಮುಚ್ಚಿದ್ರೆ ಏನಾಯ್ತು, ಅಜ್ಜಿ ಕೂಗಿದ್ದು ಇಡೀ ಮಾರ್ಕೆಟ್ಟಿಗೆ ಗೊತ್ತಿತ್ತು, ಯಾವ ಮಂಡಿ ಅಂತ ಓದಿದೋರೆಲ್ಲ ಕಂಡುಹಿಡ್ದ್ರು. "ತಪ್ಪು ನಿಂದು, ಮಾನ ಹೋಗಿದ್ದು ನಂದು" ಅಂದ್ರು. ಅವ್ರನ್ನ ಕೇಳ್ದೆ ಬರ್ದಿದ್ದೆ ನಾನು. ಆಮೇಲೆ ತೆಗೆದ್ಹಾಕ್ದೆ, ಅವ್ರು ಆರು ತಿಂಗ್ಳು ಮಾತಾಡ್ಸಿರ್ಲಿಲ್ಲ, ದುಡ್ಡು ಮಾತ್ರ ಯುಪಿಐನಲ್ಲಿ ತಪ್ಪದೆ ಬರೋದು. ಈಗ ಬರೆಯೋಕೆ ಮುಂಚೆ ಸಂಬಂಧಪಟ್ಟವ್ರಿಗೆ ಓದ್ಸಿ ಹಾಕ್ತೀನಿ. ಬರೆಯೋದು ಬಿಟ್ಟಿಲ್ಲ.

ಹಳೇ_ಬ್ಲಾಗಿ

ಇದು ನಮ್ ಕಾಲದಲ್ಲೂ ಇತ್ತು. ನಾನು ಒಂದ್ಸಲ ಬಾಡಿಗೆ ಮನೆ ಓನರ್ ಬಗ್ಗೆ ಹೆಸ್ರು ಹೇಳ್ದೆ ತಮಾಷೆಯಾಗಿ ಬರ್ದೆ, ಅವ್ರ ಮಗಳು ಓದಿ ಅವ್ರಿಗೆ ಓದ್ಸಿ, ಮುಂದಿನ ತಿಂಗ್ಳು ಮನೆ ಖಾಲಿ ಮಾಡ್ದೆ. ಮುನ್ನೂರು ಜನ ಓದ್ತಾರೆ ಅಂದ್ರೆ ಆ ಮುನ್ನೂರರಲ್ಲಿ ಬೇಡದವ್ರು ಒಬ್ರು ಇದ್ದೇ ಇರ್ತಾರೆ.

ನಂದಿಬೆಟ್ಟ_ಮಂಜು

ನೋಡಿ ನಾನು ಹೇಳಿದ್ದೇ ಸರಿ ಆಯ್ತು. ಆದ್ರೂ ಆ ಎರಡು ಮಂಡಿ ಬಂತು ಅಂದ್ರಲ್ಲ, ಅದೊಂದು ತಲೇಲಿ ಕೊರೀತಿದೆ. ಹೋದ ವರ್ಷ ಒಂದು ಲೋಡ್ ಸೇವಂತಿಗೆ ದಾರೀಲಿ ಬೆಂದು ಹೋಯ್ತು, ಟಾರ್ಪಾಲಿನ್ ಬಿಗಿಯಾಗಿ ಹೊದಿಸಿದ್ದೇ ತಪ್ಪಾಗಿದ್ದು, ಗಾಳಿ ಆಡ್ಲಿಲ್ಲ. ನಾವು ಯಾರಿಗೂ ಹೇಳ್ಲಿಲ್ಲ. ಎರಡು ವಾರಕ್ಕೆ ಪಕ್ಕದ ಊರಿನವ್ರದ್ದೂ ಹಂಗೇ ಆಯ್ತು.

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಸರ್ ಒಂದು ಕೇಳ್ಬಹುದಾ, ಕ್ಯಾಂಪಸ್ ಆಫರ್ ಬಂದಿದೆ ಬೆಂಗ್ಳೂರಲ್ಲಿ. ಗೊಬ್ಬರದ ಅಂಗಡಿ ಆ್ಯಪ್ ನೋಡಿ ಇನ್ನೂ ಎರಡು ಅಂಗಡಿಯವ್ರು ಕೇಳ್ತಿದಾರೆ. ಏನ್ ಮಾಡ್ಲಿ?

ಚೀಟಿ_ಪ್ರಿಂಟರ್

ಕೆಲ್ಸಕ್ಕೆ ಸೇರ್ಕೋ. ಆ ಎರಡು ಅಂಗಡಿಯಿಂದ ದುಡ್ಡು ತಗೋ, ಕಮ್ಮಿ ಆದ್ರೂ ಪರವಾಗಿಲ್ಲ, ಪುಕ್ಕಟೆ ಕೊಡ್ಬೇಡ. ಪುಕ್ಕಟೆ ಕೊಟ್ರೆ ಏನ್ ಸರಿಯಿಲ್ಲ ಅಂತಾನೂ ಹೇಳಲ್ಲ ಜನ, ಸುಮ್ನೆ ಬಿಟ್ಬಿಡ್ತಾರೆ. ಭಾನುವಾರ ಊರಿಗೆ ಬಂದಾಗ ಅಂಗಡೀಲಿ ಎರಡು ಗಂಟೆ ಕೂರು.

ಬಂಗಾರಪೇಟೆ_ಬಿಳಿಪಾನಿ

+1. ಮತ್ತೆ ಮಾವನಿಂದಾನೂ ದುಡ್ಡು ತಗೋ

ಕ್ಯಾತ್ಸಂದ್ರ_ತಟ್ಟೆಇಡ್ಲಿ

ಮಾವನ ಹತ್ರ ಆಗಲ್ಲ ಸರ್, ಫೀಸ್ ಕಟ್ಟಿದ್ದೇ ಅವ್ರು

ಮಂಡಿ_ಮಗ

ಅಣ್ಣ, ನಿನ್ನೆ ರಾತ್ರಿ ಈ ಚರ್ಚೆ ಪೂರ್ತಿ ಅಪ್ಪನಿಗೆ ಓದಿ ಹೇಳ್ದೆ. ಅಜ್ಜಿ ಕಥೆಗೆ ನಕ್ರು, ಆ ದಿನ ಅವ್ರೂ ಅಲ್ಲೇ ಇದ್ರಂತೆ. ಪುಸ್ತಕ ಬಿಡಲ್ಲ ಅಂದ್ರು, ಚೀಟಿ ಕೈಲೇ ಬರೀತೀನಿ ಅಂದ್ರು. ಆಮೇಲೆ ಮಲಗೋಕ್ ಹೋಗೋವಾಗ, ಖಾಲಿ ಬಾಕ್ಸ್ ಲೆಕ್ಕ ಮಾತ್ರ ಅದ್ರಲ್ಲಿ ಹಾಕೋಕಾಗುತ್ತಾ ಕೇಳು, ಹೋದ ಸೀಸನ್ ನಾನೂರು ಬಾಕ್ಸ್ ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂದ್ರು. ಬಾಕ್ಸಿಗೆ ಮಾತ್ರ ಆದ್ರೆ ಎಷ್ಟು ತಗೊಳ್ತೀರ?

ಚೀಟಿ_ಪ್ರಿಂಟರ್

200. ನಾಳೆ ಹರಾಜು ಮುಗಿದ್ಮೇಲೆ ಬರ್ತೀನಿ, ಸ್ಟೂಲ್ ಒಂದಿದ್ರೆ ಸಾಕು. ಬಾಕ್ಸ್ ಯಾವ ಬಣ್ಣ ನಿಮ್ದು?

ಮಂಡಿ_ಮಗ

ನೀಲಿ. ಅದೇ ಸಮಸ್ಯೆ ಅಣ್ಣ, ಪಕ್ಕದ ಮೂರು ಮಂಡಿದೂ ನೀಲೀನೇ